ಕೋರ್ಟಿನ ಪದ ತಪ್ಪಿದರೆ ಹಕ್ಕೂ ತಪ್ಪೀತು

ಬೆಂಗಳೂರು: ಮೋಸಗಾರನಿಗೆ ಕನ್ನಡದ ಆಡುಮಾತು ಕೊಟ್ಟಿರುವ ಹೆಸರು ‘ಫೋರ್ ಟ್ವೆಂಟಿ’. 1860ರ ಭಾರತೀಯ ದಂಡ ಸಂಹಿತೆಯಲ್ಲಿ ವಂಚನೆಗೆ ಶಿಕ್ಷೆ ವಿಧಿಸುತ್ತಿದ್ದ 420ನೇ ಕಲಮಿನಿಂದ ಹುಟ್ಟಿದ ಈ ಬೈಗುಳ, ಕಾನೂನಿನ ಗಂಧಗಾಳಿ ಇಲ್ಲದವರ ಬಾಯಲ್ಲೂ ನೆಲೆಯೂರಿದೆ. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 420 ಎಂಬ ಕಲಮೇ ಇಲ್ಲ. 511 ಕಲಮುಗಳಿದ್ದ ಹಳೆಯ ಸಂಹಿತೆಯ ಜಾಗದಲ್ಲಿ ಬಂದಿರುವ ಹೊಸ ಸಂಹಿತೆ 358ಕ್ಕೇ ಮುಗಿಯುತ್ತದೆ. ವಂಚನೆ ಈಗ 318ನೇ ಕಲಮಿನ ನಾಲ್ಕನೇ ಉಪಕಲಮಿನಲ್ಲಿ ಕುಳಿತಿದೆ.

ಬೈಗುಳ ಉಳಿದು ಕಲಂ ಅಳಿದರೆ ಯಾರಿಗೂ ನಷ್ಟವಿಲ್ಲ. ತೊಂದರೆ ಇರುವುದು ಹಳೆಯ ಸಂಖ್ಯೆ ಹೊಸ ಅರ್ಥ ಪಡೆದಿರುವ ಕಡೆ. ಹಳೆಯ ಸಂಹಿತೆಯಲ್ಲಿ 302 ಎಂದರೆ ಕೊಲೆ. ಹೊಸ ಸಂಹಿತೆಯಲ್ಲಿ 302 ಎಂದರೆ ಧಾರ್ಮಿಕ ಭಾವನೆಯನ್ನು ನೋಯಿಸುವ ಉದ್ದೇಶದಿಂದ ಆಡಿದ ಮಾತು. ಕೊಲೆಯ ಶಿಕ್ಷೆ 103ಕ್ಕೆ ಸ್ಥಳಾಂತರಗೊಂಡಿದೆ. ವಕೀಲರ ಸಂಘದ ಕೊಠಡಿಗಳಲ್ಲಿ ‘482 ಹಾಕಿದ್ದೇವೆ’ ಎಂದರೆ ಪ್ರಕರಣ ರದ್ದತಿಗಾಗಿ ಹೈಕೋರ್ಟ್‌ನ ಅಂತರ್ಗತ ಅಧಿಕಾರಕ್ಕೆ ಮೊರೆ ಹೋಗಿದ್ದೇವೆ ಎಂದೇ ಅರ್ಥವಾಗುತ್ತಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ನಿರೀಕ್ಷಣಾ ಜಾಮೀನಿನ ಕಲಂ. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ನಿರೀಕ್ಷಣಾ ಜಾಮೀನಿಗೆ ದಶಕಗಳ ಕಾಲ ಗುರುತಾಗಿದ್ದ 438ರಲ್ಲಿ ಈಗ ಪುನರ್‌ಪರಿಶೀಲನೆಗಾಗಿ ಕಡತ ತರಿಸಿಕೊಳ್ಳುವ ಅಧಿಕಾರವಿದೆ.

ಯಾವ ಪ್ರಕರಣಕ್ಕೆ ಯಾವ ಪುಸ್ತಕ ಎಂಬುದು ಕಾನೂನು ವಿದ್ಯಾರ್ಥಿಗಳಿಗೆ ಎದುರಾಗಿರುವ ಮೊದಲ ಪ್ರಶ್ನೆ. ಅಪರಾಧ ಯಾವುದು, ಶಿಕ್ಷೆ ಎಷ್ಟು ಎಂಬುದನ್ನು ನಿರ್ಧರಿಸುವುದು ಕೃತ್ಯ ನಡೆದ ದಿನ. ಕೃತ್ಯ ನಡೆದಾಗ ಇಲ್ಲದ ಕಾನೂನಿನಡಿ ಯಾರನ್ನೂ ಶಿಕ್ಷಿಸುವಂತಿಲ್ಲ ಎಂಬುದು ಸಂವಿಧಾನದ 20ನೇ ವಿಧಿಯ ಕಟ್ಟಳೆ. ಆದರೆ ಕಾರ್ಯವಿಧಾನದ ಲೆಕ್ಕ ಬೇರೆ. 2024ರ ಜುಲೈ 1ಕ್ಕೆ ಮೊದಲೇ ಬಾಕಿ ಇದ್ದ ತನಿಖೆ, ವಿಚಾರಣೆ, ಅರ್ಜಿ, ಮೇಲ್ಮನವಿಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ ಎಂದು ಹೊಸ ಸಂಹಿತೆಯ 531ನೇ ಕಲಂ ಹೇಳುತ್ತದೆ. ಹೀಗಾಗಿ 2024ರ ಜೂನ್‌ನಲ್ಲಿ ನಡೆದ ವಂಚನೆಗೆ ಆಗಸ್ಟ್‌ನಲ್ಲಿ ಎಫ್‌ಐಆರ್ ದಾಖಲಾದರೆ ಆರೋಪ ಹಳೆಯ 420ರಡಿ, ತನಿಖೆ ಹೊಸ ಸಂಹಿತೆಯಡಿ. ಒಂದೇ ಕಡತದಲ್ಲಿ ಎರಡು ಯುಗ.

ಸಂಖ್ಯೆಗಳ ಗೊಂದಲವನ್ನು ಹೋಲಿಕೆಯ ಕೋಷ್ಟಕ ನೋಡಿ ಪರಿಹರಿಸಿಕೊಳ್ಳಬಹುದು. ಪದಗಳ ಗೊಂದಲಕ್ಕೆ ಅಂಥ ಕೋಷ್ಟಕವಿಲ್ಲ. ಅದು ಹೊಸ ಕಾನೂನಿಗಿಂತ ಹಳೆಯದು, ಮತ್ತು ಅದರ ಬೆಲೆ ತೆರುವವರು ಬಹುತೇಕ ಪೊಲೀಸ್ ಠಾಣೆಯ ಮೆಟ್ಟಿಲನ್ನು ಮೊದಲ ಬಾರಿಗೆ ಹತ್ತುವವರು.

ಒಂದು ಪದ, ನಾಲ್ಕು ಅರ್ಥ

‘ವಿಚಾರಣೆ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಪೊಲೀಸರು ಶಂಕಿತನನ್ನು ಠಾಣೆಗೆ ಕರೆಸಿ ಪ್ರಶ್ನಿಸಿದರೆ ಪತ್ರಿಕೆಗಳು ಅದನ್ನು ವಿಚಾರಣೆ ಎನ್ನುತ್ತವೆ. ಮ್ಯಾಜಿಸ್ಟ್ರೇಟರು ದೂರಿನಲ್ಲಿ ಹುರುಳಿದೆಯೇ ಎಂದು ಪರಿಶೀಲಿಸಿದರೂ ವಿಚಾರಣೆ. ಸಾಕ್ಷಿಗಳನ್ನು ಕರೆಸಿ, ಪಾಟಿ ಸವಾಲು ನಡೆಸಿ, ತೀರ್ಪಿನತ್ತ ಸಾಗುವುದೂ ವಿಚಾರಣೆ. ಹೈಕೋರ್ಟ್ ಅರ್ಜಿಯನ್ನು ಹತ್ತು ನಿಮಿಷ ಆಲಿಸಿ ಎರಡು ವಾರ ಮುಂದೂಡಿದರೂ ‘ವಿಚಾರಣೆ ಮುಂದೂಡಿಕೆ’. ಕಾನೂನಿನ ಕಣ್ಣಿನಲ್ಲಿ ಇವು ನಾಲ್ಕು ಬೇರೆ ಬೇರೆ ಕ್ರಿಯೆಗಳು. ಪ್ರತಿಯೊಂದರಲ್ಲೂ ವ್ಯಕ್ತಿಗಿರುವ ಹಕ್ಕುಗಳು ಬೇರೆ, ಅಲ್ಲಿ ಆಡಿದ ಮಾತಿನ ತೂಕ ಬೇರೆ.

ಪೊಲೀಸರು ಸಾಕ್ಷ್ಯ ಸಂಗ್ರಹಿಸುವ ಕಾರ್ಯಕ್ಕೆ ಸಂಹಿತೆ ಇಟ್ಟಿರುವ ಹೆಸರು ತನಿಖೆ. ಈ ಹಂತದಲ್ಲಿ ನೀಡುವ ಹೇಳಿಕೆಯನ್ನು ಪೊಲೀಸರು ಬರೆದುಕೊಳ್ಳುತ್ತಾರೆ, ಆದರೆ ಅದಕ್ಕೆ ಹೇಳಿಕೆ ಕೊಟ್ಟವರ ಸಹಿ ಪಡೆಯುವಂತಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದ ನಿಯಮ. ಅದು ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಮುಂದುವರಿದಿದೆ. ಆರೋಪಿಯ ಮಾತಿನಿಂದ ಚಾಕುವೋ ಒಡವೆಯೋ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲು ಕನ್ನಡದ ಅಪರಾಧ ವರದಿಗಳಲ್ಲಿ ಎಷ್ಟು ಸಾಮಾನ್ಯವೋ, ನ್ಯಾಯಾಲಯದಲ್ಲಿ ಅಷ್ಟೇ ನಿಷ್ಪ್ರಯೋಜಕ. ಓದುಗನಾದರೋ ಅಂದೇ ತೀರ್ಪು ಕೊಟ್ಟು ಮುಗಿಸಿರುತ್ತಾನೆ.

ನ್ಯಾಯಾಲಯ ಅಥವಾ ಮ್ಯಾಜಿಸ್ಟ್ರೇಟರು ನಡೆಸುವ, ಆದರೆ ಅಪರಾಧ ನಿರ್ಣಯದ ಹಂತವಲ್ಲದ ಪರಿಶೀಲನೆಯನ್ನು ಸಂಹಿತೆ ಬೇರೆಯಾಗಿಯೇ ವ್ಯಾಖ್ಯಾನಿಸಿದೆ. ಕುತೂಹಲದ ಸಂಗತಿ ಎಂದರೆ, ಜನ ನಿಜವಾದ ವಿಚಾರಣೆ ಎಂದು ತಿಳಿಯುವ, ಸಾಕ್ಷಿ ಕಟಕಟೆ ಏರುವ ಆ ಕೊನೆಯ ಹಂತಕ್ಕೆ ಹಳೆಯ ಸಂಹಿತೆಯಲ್ಲೂ ವ್ಯಾಖ್ಯಾನವಿರಲಿಲ್ಲ, ಹೊಸದರಲ್ಲೂ ಇಲ್ಲ. ದೋಷಾರೋಪ ನಿಗದಿಯಾದಾಗ ಅದು ಆರಂಭವಾಗುತ್ತದೆ ಎಂದು 2014ರ ಹರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ಈ ಅಳತೆಗೋಲು ಹಿಡಿದರೆ, ‘ವಿಚಾರಣಾಧೀನ ಕೈದಿ’ ಎಂದು ಕರೆಸಿಕೊಳ್ಳುವವರ ಪೈಕಿ ವಿಚಾರಣೆಯೇ ಆರಂಭವಾಗದವರೂ ಸೇರಿದ್ದಾರೆ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಕಾರಾಗೃಹ ವರದಿಯ ಪ್ರಕಾರ ದೇಶದ ಜೈಲುಗಳಲ್ಲಿದ್ದವರಲ್ಲಿ ಶೇ 75ಕ್ಕೂ ಹೆಚ್ಚು ಮಂದಿ ಈ ವರ್ಗದವರು.

ದೂರು ಯಾರಿಗೆ?

‘ಠಾಣೆಗೆ ದೂರು ಕೊಟ್ಟೆ’ ಎನ್ನುವುದು ದಿನಬಳಕೆಯ ಮಾತು. ಸಂಹಿತೆಯ ಅರ್ಥದಲ್ಲಿ ದೂರು ಸಲ್ಲಿಕೆಯಾಗುವುದು ಮ್ಯಾಜಿಸ್ಟ್ರೇಟರಿಗೆ. ಠಾಣೆಗೆ ಕೊಡುವುದು ಮಾಹಿತಿ. ಆ ಮಾಹಿತಿ ಸಂಜ್ಞೇಯ ಅಪರಾಧವನ್ನು, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವನ್ನು ತೋರಿಸಿದರೆ ಅದು ಪ್ರಥಮ ವರ್ತಮಾನ ವರದಿ, ಅರ್ಥಾತ್ ಎಫ್‌ಐಆರ್ ಆಗುತ್ತದೆ. ಅಸಂಜ್ಞೇಯವಾದರೆ ಪುಸ್ತಕದಲ್ಲಿ ನಮೂದಿಸಿ, ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ ಎಂದು ಪೊಲೀಸರು ಸೂಚಿಸುತ್ತಾರೆ. ಠಾಣೆಯಲ್ಲಿ ಕೈಗೆ ಬಂದ ಹಿಂಬರಹ ಅಥವಾ ರಸೀತಿಯನ್ನೇ ಎಫ್‌ಐಆರ್ ಎಂದು ತಿಳಿದು ತಿಂಗಳುಗಟ್ಟಲೆ ಕಾಯುವವರು ನಗರಗಳಲ್ಲೂ ಇದ್ದಾರೆ. ಎಫ್‌ಐಆರ್‌ನ ಪ್ರತಿಯನ್ನು ಮಾಹಿತಿ ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು ಎಂದು ಹೊಸ ಸಂಹಿತೆಯ 173ನೇ ಕಲಂ ಹೇಳುತ್ತದೆ. ಆ ಪ್ರತಿಯಲ್ಲಿ ಅಪರಾಧ ಸಂಖ್ಯೆ ಇದೆಯೇ ಎಂಬುದೇ ನೋಡಬೇಕಾದ ಗುರುತು.

ಇದೇ ಕಲಂ ‘ಝೀರೊ ಎಫ್‌ಐಆರ್’ ಪದ್ಧತಿಗೆ ಶಾಸನದ ಬಲ ನೀಡಿದೆ. ಕೃತ್ಯ ತಮ್ಮ ಸರಹದ್ದಿನಲ್ಲಿ ನಡೆದಿಲ್ಲ ಎಂಬ ಕಾರಣಕ್ಕೆ ಠಾಣೆಯವರು ದೂರುದಾರರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಮಾಹಿತಿ ಕೊಡಬಹುದು, ಆದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಇವು ಸ್ವಾಗತಾರ್ಹ. ಆದರೆ ಅದೇ ಕಲಮಿನ ಮೂರನೇ ಉಪಕಲಂ ಅಷ್ಟು ಪ್ರಚಾರ ಪಡೆದಿಲ್ಲ. ಮೂರು ವರ್ಷ ಅಥವಾ ಹೆಚ್ಚಿನ, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನ ಪ್ರಾಥಮಿಕ ಪರಿಶೀಲನೆ ನಡೆಸಲು ಅದು ಅವಕಾಶ ಕೊಡುತ್ತದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿ, ಕೆಲವೇ ಬಗೆಯ ಪ್ರಕರಣಗಳಿಗೆ ವಿನಾಯಿತಿ ಇಟ್ಟಿತ್ತು. ಆ ಕಿಂಡಿ ಈಗ ಸಾಕಷ್ಟು ಅಗಲವಾಗಿದೆ.

ಪೊಲೀಸರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬೇಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಕರ್ನಾಟಕದ ಕೋರ್ಟುಗಳಲ್ಲಿ ‘ಪಿಸಿಆರ್’ ಎಂದು ಸಂಖ್ಯೆ ಪಡೆಯುವ ಖಾಸಗಿ ದೂರು ಇಲ್ಲಿಂದಲೇ ಹುಟ್ಟುವುದು. ಖಾಸಗಿ ದೂರನ್ನು ಸಂಜ್ಞೇಯಕ್ಕೆ, ಅಂದರೆ ನ್ಯಾಯಿಕ ಗಮನಕ್ಕೆ ತೆಗೆದುಕೊಳ್ಳುವ ಮೊದಲೇ ಆರೋಪಿಯ ಮಾತನ್ನೂ ಕೇಳಬೇಕು ಎಂಬುದು 223ನೇ ಕಲಂ ತಂದಿರುವ ಹೊಸ ಕಟ್ಟಳೆ. ‘ಸಂಜ್ಞೇಯ’ ಎಂಬ ಒಂದೇ ಪದ ಅಪರಾಧದ ಬಗೆಗೂ ನ್ಯಾಯಾಧೀಶರ ಕ್ರಿಯೆಗೂ ಬಳಕೆಯಾಗುವುದನ್ನು ಓದುಗರು ಇಲ್ಲಿ ಗಮನಿಸಬಹುದು. ‘ಪ್ರಕರಣ’ದ ಕಥೆಯೂ ಇದೇ: ಪತ್ರಿಕೆಗಳಿಗೆ ಅದು ಮೊಕದ್ದಮೆ, ಸರ್ಕಾರಿ ಅನುವಾದದ ಕಾಯ್ದೆ ಪುಸ್ತಕಗಳಲ್ಲಿ ಅದು ಕಲಂ. ಪರಭಾಷೆಯಿಂದ ಬಂದು ಬೇರೂರಿದ ವಕಾಲತ್ತು, ಜಾಮೀನು, ಫಿರ್ಯಾದಿ, ಜಪ್ತಿ, ತಕರಾರು ಮೊದಲಾದವು ಇಂಥ ಗೊಂದಲ ಹುಟ್ಟಿಸುವುದಿಲ್ಲ. ಒಂದಕ್ಕೆ ಒಂದೇ ಅರ್ಥ. ಹಳೆಯ ಮೈಸೂರಿನಲ್ಲಿ ಮಹಜರು, ಉತ್ತರ ಕರ್ನಾಟಕದಲ್ಲಿ ಪಂಚನಾಮೆ ಎಂಬ ವ್ಯತ್ಯಾಸವನ್ನು ಬಿಟ್ಟರೆ ರಾಜ್ಯದ ಯಾವ ಕೋರ್ಟಿನಲ್ಲಾದರೂ ಅವು ನಡೆಯುತ್ತವೆ. ಆ ಮಹಜರಿಗೂ ಹೊಸ ಸಂಹಿತೆ ಒಂದು ಷರತ್ತು ಹಾಕಿದೆ. ಶೋಧ ಮತ್ತು ವಶಪಡಿಸಿಕೊಳ್ಳುವ ಕ್ರಿಯೆಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕು.

ಅರವತ್ತು, ತೊಂಬತ್ತರ ಲೆಕ್ಕ

ಪದವೊಂದರ ಅರಿವು ನೇರವಾಗಿ ಸ್ವಾತಂತ್ರ್ಯವನ್ನೇ ನಿರ್ಧರಿಸುವ ಘಟ್ಟ ಬಂಧನದ ನಂತರ ಬರುತ್ತದೆ. ಬಂಧಿತನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಬಹುತೇಕ ಎಲ್ಲರಿಗೂ ಗೊತ್ತು. ಬಂಧನಕ್ಕೆ ಕಾರಣವೇನೆಂದು ತಿಳಿಸಬೇಕು ಎಂಬುದು ಗೊತ್ತಿರುವವರು ಕಡಿಮೆ. ಹಾಗೆ ತಿಳಿಸದಿದ್ದರೆ ಬಂಧನವೇ ಅಕ್ರಮ ಎಂದು 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ತೀರ್ಪು ಮತ್ತೂ ಮುಂದೆ ಹೋಯಿತು. ಯಾವುದೇ ಕಾನೂನಿನಡಿಯ ಅಪರಾಧವಾಗಲಿ, ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು. ತಕ್ಷಣ ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹದಲ್ಲಿ ಕೊಡಬೇಕು.

ಮ್ಯಾಜಿಸ್ಟ್ರೇಟರು ಕೊಡುವ ‘ಕಸ್ಟಡಿ’ ಎರಡು ಬಗೆ. ಪೊಲೀಸ್ ಕಸ್ಟಡಿ ಎಂದರೆ ಠಾಣೆಯ ವಶ. ನ್ಯಾಯಾಂಗ ಬಂಧನ ಎಂದರೆ ಜೈಲು. ಪೊಲೀಸ್ ಕಸ್ಟಡಿಗೆ ಒಟ್ಟು ಹದಿನೈದು ದಿನಗಳ ಮಿತಿ. ಹಿಂದೆ ಈ ಹದಿನೈದು ದಿನಗಳು ಬಂಧನದ ನಂತರದ ಮೊದಲ ಹದಿನೈದು ದಿನಗಳೇ ಆಗಿರಬೇಕು ಎಂದು 1992ರ ಅನುಪಮ್ ಕುಲಕರ್ಣಿ ತೀರ್ಪು ಹೇಳಿತ್ತು. ಹೊಸ ಸಂಹಿತೆಯ 187ನೇ ಕಲಂ ಆ ಗೆರೆಯನ್ನು ಸರಿಸಿದೆ. ಅಪರಾಧದ ಗಂಭೀರತೆಗೆ ಅನುಗುಣವಾಗಿ ಮೊದಲ ನಲವತ್ತು ಅಥವಾ ಅರವತ್ತು ದಿನಗಳ ಅವಧಿಯಲ್ಲಿ ಆ ಹದಿನೈದು ದಿನಗಳನ್ನು ಬಿಡಿಬಿಡಿಯಾಗಿಯೂ ಕೇಳಬಹುದು. ಜೈಲಿಗೆ ಹೋದ ಮೇಲೆ ಠಾಣೆಯ ಭಯ ಮುಗಿಯಿತು ಎಂಬ ಹಳೆಯ ಧೈರ್ಯಕ್ಕೆ ಈಗ ಆಧಾರವಿಲ್ಲ. ಪೊಲೀಸ್ ವಶಕ್ಕೆ ಮತ್ತೆ ಬೇಕಾದಾನು ಎಂಬ ಕಾರಣವೊಂದರಿಂದಲೇ ಜಾಮೀನು ನಿರಾಕರಿಸುವಂತಿಲ್ಲ ಎಂದು ಸಂಹಿತೆ ಹೇಳಿದೆಯಾದರೂ, ಇದು ನಾಗರಿಕನಿಗೆ ನಷ್ಟದ ಬಾಬತ್ತೇ ಸರಿ. ‘ನಾಗರಿಕ ಸುರಕ್ಷಾ’ ಎಂಬ ಶೀರ್ಷಿಕೆಯ ಕಾನೂನಿನಲ್ಲಿ ಇದು ಇರುವುದು ವಿಪರ್ಯಾಸ. ದಂಡ ಪ್ರಕ್ರಿಯಾ ಸಂಹಿತೆ ಎಂಬ ಹಳೆಯ ಹೆಸರು ಕನಿಷ್ಠಪಕ್ಷ ತಾನು ಏನೆಂಬುದನ್ನು ಹೇಳುತ್ತಿತ್ತು.

ಈಗ ಮುಖ್ಯ ಲೆಕ್ಕ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತೊಂಬತ್ತು ದಿನ, ಉಳಿದವುಗಳಲ್ಲಿ ಅರವತ್ತು ದಿನದೊಳಗೆ ತನಿಖೆ ಮುಗಿಸಿ ಆರೋಪಪಟ್ಟಿ ಸಲ್ಲಿಸದಿದ್ದರೆ, ಜಾಮೀನು ಒದಗಿಸಲು ಸಿದ್ಧನಿರುವ ಆರೋಪಿಯನ್ನು ಬಿಡಲೇಬೇಕು. ಪ್ರಕರಣ ಎಷ್ಟು ಗಂಭೀರ, ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಇದನ್ನೇ ‘ಡಿಫಾಲ್ಟ್ ಜಾಮೀನು’ ಎನ್ನುವುದು. ಇದು ಸಂವಿಧಾನದ 21ನೇ ವಿಧಿಯ ಭಾಗ, ಮೂಲಭೂತ ಹಕ್ಕು ಎಂದು 2020ರ ಬಿಕ್ರಮ್‌ಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಿನ ಎಣಿಸುವಾಗ ಮ್ಯಾಜಿಸ್ಟ್ರೇಟರು ಮೊದಲು ವಶಕ್ಕೆ ಒಪ್ಪಿಸಿದ ದಿನವನ್ನೂ ಸೇರಿಸಬೇಕು ಎಂದು 2023ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಆದರೆ ಈ ಹಕ್ಕು ತಾನಾಗಿ ಬಾಗಿಲು ತೆರೆಯುವುದಿಲ್ಲ. ಗಡುವು ಮೀರಿದ ಮೇಲೆ, ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲು, ಆರೋಪಿ ಅದನ್ನು ಕೇಳಬೇಕು. ಅರವತ್ತೊಂದನೇ ದಿನ ಬೆಳಿಗ್ಗೆ ಕೇಳಿದವನು ಹೊರಗೆ ಬರುತ್ತಾನೆ. ಅದೇ ಮಧ್ಯಾಹ್ನ ಆರೋಪಪಟ್ಟಿ ಸಲ್ಲಿಕೆಯಾಗಿ, ಸಂಜೆ ಕೇಳಿದವನು ಒಳಗೇ ಉಳಿಯುತ್ತಾನೆ. ಲಿಖಿತ ಅರ್ಜಿ ಬೇಕೆಂದಿಲ್ಲ, ಬಾಯಿಮಾತಿನಲ್ಲಿ ಕೇಳಿದರೂ ಸಾಕು. ಆರೋಪಿಗೆ ಈ ಹಕ್ಕಿದೆ ಎಂದು ನ್ಯಾಯಾಲಯವೇ ತಿಳಿಹೇಳಬೇಕು ಎಂದು 2017ರ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ ಬಹುಮತದ ತೀರ್ಪು ಹೇಳಿತು. ಆದರೂ ದಿನ ಎಣಿಸುವ ವಕೀಲನಿರುವ ಆರೋಪಿಗೂ, ಎಣಿಸಬೇಕೆಂಬುದೇ ತಿಳಿಯದ ಆರೋಪಿಗೂ ಇರುವ ಅಂತರ ಅಳಿದಿಲ್ಲ. ಜೈಲಿನೊಳಗಿರುವವನಿಗೆ ಹೊರಗಿನವರು ಹೇಳಿಕೊಡಬಹುದಾದ ಅತ್ಯಂತ ಉಪಯುಕ್ತ ಕಾನೂನು ಪಾಠ ಬಹುಶಃ ಈ ಎಣಿಕೆ.

ಮಂಜೂರಾದರೆ ಬಿಡುಗಡೆಯೇ?

ಜಾಮೀನು ಎಂದರೇನು ಎಂದು ಹಳೆಯ ಸಂಹಿತೆ ಹೇಳಿರಲಿಲ್ಲ. ಹೊಸದು ಜಾಮೀನು, ಜಾಮೀನು ಮುಚ್ಚಳಿಕೆ, ಮುಚ್ಚಳಿಕೆ ಎಂಬ ಮೂರನ್ನೂ ವ್ಯಾಖ್ಯಾನಿಸಿದೆ. ಇದು ಬರಿಯ ಪಾಂಡಿತ್ಯವಲ್ಲ. ಆರೋಪಿ ತಾನೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ ಬಿಡುಗಡೆಯಾಗುವುದಕ್ಕೂ, ಆಸ್ತಿವಂತ ಜಾಮೀನುದಾರರನ್ನು ಹುಡುಕಿ ತಂದು ಬಿಡುಗಡೆಯಾಗುವುದಕ್ಕೂ ನಡುವೆ ಬಡವನ ಪಾಲಿಗೆ ತಿಂಗಳುಗಳ ಅಂತರವಿರುತ್ತದೆ. ಪತ್ರಿಕೆಯಲ್ಲಿ ‘ಜಾಮೀನು ಮಂಜೂರು’ ಎಂದು ಅಚ್ಚಾದ ದಿನವೇ ಆತ ಮನೆ ಸೇರಿದ ಎಂದು ಓದುಗ ಭಾವಿಸುತ್ತಾನೆ. ಆದೇಶದ ಪ್ರತಿ ಜೈಲು ತಲುಪಬೇಕು, ಜಾಮೀನುದಾರರ ಪಹಣಿ ಅಥವಾ ತೆರಿಗೆ ರಸೀತಿ ಪರಿಶೀಲನೆಯಾಗಬೇಕು, ಇನ್ನೊಂದು ಪ್ರಕರಣದಲ್ಲಿ ವಾರಂಟ್ ಇರಬಾರದು.

1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಗಾರೆ ಕೆಲಸಗಾರನೊಬ್ಬನಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿದ್ದರೂ ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದ್ದರು. ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆತನ ಜಾಮೀನನ್ನೂ ತಿರಸ್ಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿದ್ದಲ್ಲದೆ, ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಬಂಧನಕ್ಕೊಳಗಾದ ಕನ್ನಡಿಗ, ಮಲಯಾಳಿ, ತಮಿಳರು ಸ್ಥಳೀಯ ಆಸ್ತಿವಂತನನ್ನು ಎಲ್ಲಿಂದ ತರಬೇಕು ಎಂಬ ಅರ್ಥದ ಪ್ರಶ್ನೆ ಎತ್ತಿದ್ದರು. ಇಂದು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರುವ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದ ಕಾರ್ಮಿಕರ ವಿಷಯದಲ್ಲಿ ಅದೇ ಪ್ರಶ್ನೆ ದಿಕ್ಕು ಬದಲಿಸಿ ನಿಂತಿದೆ.

ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೊರಡಿಸಿದ ಸೂಚನೆಗಳು ಈ ಕೊಂಡಿಯನ್ನು ಹಿಡಿದೇ ಹೊರಟಿವೆ. ಜಾಮೀನು ಆದೇಶವನ್ನು ಅದೇ ದಿನ ಅಥವಾ ಮರುದಿನ ಮಿಂಚಂಚೆಯಲ್ಲಿ ಜೈಲಿಗೆ ಕಳುಹಿಸಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಒದಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ನ್ಯಾಯಾಲಯ ತಾನೇ ಯೋಚಿಸಬಹುದು. ಹೊಸ ಸಂಹಿತೆಯ 479ನೇ ಕಲಂ ಇನ್ನೊಂದು ಬಾಗಿಲು. ಹಿಂದೆ ಯಾವ ಅಪರಾಧಕ್ಕೂ ದೋಷಿಯೆಂದು ತೀರ್ಮಾನವಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಇತರರಿಗೆ ಅರ್ಧ ಭಾಗ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಅನ್ವಯಿಸದು. ಸಂಹಿತೆ ಜಾರಿಗೆ ಬರುವ ಮೊದಲು ದಾಖಲಾದ ಪ್ರಕರಣಗಳ ಕೈದಿಗಳಿಗೂ ಇದರ ಪ್ರಯೋಜನ ಸಿಗಬೇಕೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಆರೋಪಪಟ್ಟಿ, ದೋಷಾರೋಪ, ಖುಲಾಸೆ

ಸುದ್ದಿಮನೆಗಳು ಹೆಚ್ಚು ಎಡವುವುದು ಇಲ್ಲಿ. ಆರೋಪಪಟ್ಟಿ ಪೊಲೀಸರ ಅಭಿಪ್ರಾಯ ಮಾತ್ರ. ಸಂಹಿತೆಯ 193ನೇ ಕಲಂ ಅದನ್ನು ಪೊಲೀಸ್ ವರದಿ ಎಂದೇ ಕರೆಯುತ್ತದೆ. ದೋಷಾರೋಪ ನಿಗದಿ ನ್ಯಾಯಾಲಯದ ಕೆಲಸ. ವರದಿಯನ್ನೂ ದಾಖಲೆಗಳನ್ನೂ ನೋಡಿ, ಎರಡೂ ಕಡೆಯವರ ವಾದ ಕೇಳಿ, ‘ಇಂಥ ಕಲಮಿನಡಿ ನಿಮ್ಮ ಮೇಲೆ ಈ ಆರೋಪವಿದೆ, ಒಪ್ಪುತ್ತೀರಾ?’ ಎಂದು ಓದಿ ಹೇಳುವ ಗಳಿಗೆ ಅದು. ಆಧಾರವಿಲ್ಲವೆಂದು ಕಂಡರೆ ನ್ಯಾಯಾಧೀಶರು ಅಲ್ಲೇ ಆರೋಪಿಯನ್ನು ಆರೋಪಮುಕ್ತಗೊಳಿಸುತ್ತಾರೆ. ಸಾಕ್ಷ್ಯವೆಲ್ಲ ಮುಗಿದ ಮೇಲೆ ಅಪರಾಧ ರುಜುವಾತಾಗಿಲ್ಲ ಎಂದರೆ ಖುಲಾಸೆ. ಎರಡನ್ನೂ ‘ನಿರ್ದೋಷಿ’ ಎಂಬ ಒಂದೇ ಶೀರ್ಷಿಕೆಯಡಿ ಅಚ್ಚು ಹಾಕುವುದುಂಟು. ವ್ಯತ್ಯಾಸ ಇಷ್ಟು: ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೊಮ್ಮೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಆರೋಪಮುಕ್ತಿ ಖುಲಾಸೆಯಲ್ಲ ಎಂದು ಸಂಹಿತೆಯೇ ವಿವರಣೆ ಕೊಟ್ಟಿದೆ. ಹೊಸ ಸಾಕ್ಷ್ಯ ಸಿಕ್ಕರೆ ಕಡತ ಮತ್ತೆ ತೆರೆದುಕೊಳ್ಳಬಹುದು. ಹೈಕೋರ್ಟ್ ಪ್ರಕರಣ ರದ್ದುಪಡಿಸುವುದು ಇವೆರಡರಿಂದಲೂ ಬೇರೆ. ತಡೆಯಾಜ್ಞೆ ನೀಡಿದರಂತೂ ಯಾವುದೂ ತೀರ್ಮಾನವಾಗಿಲ್ಲ ಎಂದೇ ಅರ್ಥ.

ತನಿಖೆಯ ಕೊನೆಯಲ್ಲಿ ಪೊಲೀಸರು ಆರೋಪಪಟ್ಟಿಯ ಬದಲು ‘ಬಿ ರಿಪೋರ್ಟ್’ ಸಲ್ಲಿಸುವುದೂ ಉಂಟು. ಕರ್ನಾಟಕದ ರಾಜಕೀಯ ವರದಿಗಳಲ್ಲಿ ಈ ಎರಡು ಪದಗಳು ಬಂದಾಗಲೆಲ್ಲ ‘ಪ್ರಕರಣ ಮುಚ್ಚಿಹೋಯಿತು’ ಎಂಬ ಧ್ವನಿ ಇರುತ್ತದೆ. ನಿಜದಲ್ಲಿ ಅದನ್ನು ಒಪ್ಪುವುದು ಬಿಡುವುದು ಮ್ಯಾಜಿಸ್ಟ್ರೇಟರ ವಿವೇಚನೆ. ಒಪ್ಪುವ ಮೊದಲು ಮಾಹಿತಿ ಕೊಟ್ಟವರಿಗೆ ನೋಟಿಸ್ ಕೊಟ್ಟು ಕೇಳಬೇಕು ಎಂದು 1985ರ ಭಗವಂತ್ ಸಿಂಗ್ ಪ್ರಕರಣದಿಂದ ನಿಯಮವಿದೆ. ಆ ನೋಟಿಸಿಗೆ ಉತ್ತರವಾಗಿ ತಕರಾರು ಅರ್ಜಿ ಹಾಕಬಹುದು. ಹಳೆಯ ವಿಳಾಸಕ್ಕೆ ಹೋಗಿ ಮರಳಿದ ನೋಟಿಸ್‌ಗಳಿಂದಾಗಿ ಮುಗಿದುಹೋದ ಪ್ರಕರಣಗಳು ಸಂತ್ರಸ್ತರ ಗಮನಕ್ಕೆ ಬರುವುದು ಬಹಳ ತಡವಾಗಿ. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂಬ ಹೊಸ ಕಟ್ಟಳೆಯನ್ನು ಠಾಣೆಗಳು ನಿಷ್ಠೆಯಿಂದ ಪಾಲಿಸಿದರೆ ಈ ದೂರು ಕಡಿಮೆಯಾದೀತು.

ಗಡುವುಗಳ ವಿಷಯದಲ್ಲಿ ಹೊಸ ಸಂಹಿತೆ ಉದಾರಿ. ದೋಷಾರೋಪದ ಮೊದಲ ವಿಚಾರಣೆಯಿಂದ ಅರವತ್ತು ದಿನದೊಳಗೆ ಆರೋಪ ನಿಗದಿ, ವಾದ ಮುಗಿದ ಮೂವತ್ತು ದಿನದೊಳಗೆ ತೀರ್ಪು, ಕಾರಣ ಬರೆದರೆ ನಲವತ್ತೈದು. ವಾಯಿದೆ ಕೇಳುವುದಕ್ಕೂ ಎರಡೇ ಬಾರಿಯ ಮಿತಿ. ನ್ಯಾಯಾಧೀಶರ ಹುದ್ದೆಗಳು, ಕೋರ್ಟ್ ಹಾಲ್‌ಗಳು, ವಿಧಿವಿಜ್ಞಾನ ಪ್ರಯೋಗಾಲಯಗಳು ಅದೇ ಉದಾರತೆಯಿಂದ ಹೆಚ್ಚದಿದ್ದರೆ ಈ ಅಂಕಿಗಳು ಪರೀಕ್ಷೆಯ ಉತ್ತರಪತ್ರಿಕೆಗಷ್ಟೇ ಸಲ್ಲುತ್ತವೆ.

ಸಿವಿಲ್ ಕೋರ್ಟಿನ ಪದಕೋಶ ಇಷ್ಟು ಅಲುಗಾಡಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹಾಗೆಯೇ ಇದೆ. ದಾವೆ, ವಾದಿ, ಪ್ರತಿವಾದಿ, ಡಿಕ್ರಿ, ಅಮಲ್ಜಾರಿ ಎಲ್ಲವೂ ತಮ್ಮ ಜಾಗದಲ್ಲಿವೆ. ಒಂದೇ ಎಚ್ಚರಿಕೆ: ‘ತಡೆಯಾಜ್ಞೆ’ ಎಂಬ ಪದವನ್ನು ಕನ್ನಡದಲ್ಲಿ ಎರಡಕ್ಕೂ ಬಳಸುತ್ತಾರೆ. ಪಕ್ಕದ ಮನೆಯವನು ಗೋಡೆ ಕಟ್ಟದಂತೆ ಆತನಿಗೇ ಕೊಡುವ ಆಜ್ಞೆ ಒಂದು. ಕೆಳಗಿನ ಕೋರ್ಟಿನ ಆದೇಶ ಜಾರಿಯಾಗದಂತೆ ಮೇಲಿನ ಕೋರ್ಟ್ ತಡೆಯುವುದು ಇನ್ನೊಂದು. ಮೊದಲನೆಯದನ್ನು ಮೀರಿದ ಕಕ್ಷಿದಾರ ಸಿವಿಲ್ ಜೈಲು ಕಾಣಬಹುದು.

ಕಟಕಟೆಯ ಕನ್ನಡ

ಹೈಕೋರ್ಟನ್ನು ಹೊರತುಪಡಿಸಿ ರಾಜ್ಯದ ಉಳಿದ ನ್ಯಾಯಾಲಯಗಳ ಭಾಷೆ 307ನೇ ಕಲಮಿನಂತೆ ರಾಜ್ಯ ಸರ್ಕಾರ ನಿರ್ಧರಿಸಿದ್ದು; ಕರ್ನಾಟಕದಲ್ಲಿ ಅದು ಕನ್ನಡ. ಹೈಕೋರ್ಟ್‌ನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ರಾಷ್ಟ್ರಪತಿಗಳ ಪೂರ್ವಾನುಮತಿ ಪಡೆದು ರಾಜ್ಯಪಾಲರು ರಾಜ್ಯದ ಭಾಷೆಯ ಬಳಕೆಗೆ ಅವಕಾಶ ಕೊಡಬಹುದು ಎಂಬ ಕಲಂ ಅದೇ ವಿಧಿಯಲ್ಲಿದ್ದು, ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ ಮತ್ತು ಬಿಹಾರಗಳು ಹಿಂದಿಗೆ ಅದನ್ನು ಪಡೆದಿವೆ. ಕರ್ನಾಟಕಕ್ಕೆ ಅಂಥ ಅನುಮತಿ ಸಿಕ್ಕಿಲ್ಲ. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್‌ನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಪ್ರಕಟಿಸಿದ್ದು ಸುದ್ದಿಯಾದುದೇ ಅದು ಅಪರೂಪವಾಗಿದ್ದರಿಂದ.

ಹೀಗಾಗಿ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಹೇಳಿದ ಮಾತು ಮೇಲ್ಮನವಿಯ ಹೊತ್ತಿಗೆ ಅನುವಾದವಾಗುತ್ತದೆ. ‘ದೂಡಿದ’, ‘ತಳ್ಳಿದ’, ‘ನೂಕಿದ’ ಎಂಬ ಮೂರೂ ಒಂದೇ ಇಂಗ್ಲಿಷ್ ಪದವಾಗಿ ಇಳಿಯಬಹುದು. ಇದಕ್ಕೆ ಕಾನೂನು ಇಟ್ಟಿರುವ ಮೊದಲ ಕಾವಲು ಸಾಕ್ಷಿಯ ಕೈಯಲ್ಲೇ ಇದೆ. ದಾಖಲಿಸಿಕೊಂಡ ಸಾಕ್ಷ್ಯವನ್ನು ಆರೋಪಿ ಅಥವಾ ಆತನ ವಕೀಲರ ಸಮ್ಮುಖದಲ್ಲಿ ಸಾಕ್ಷಿಗೆ ಓದಿ ಹೇಳಬೇಕು, ಬೇರೆ ಭಾಷೆಯಲ್ಲಿ ದಾಖಲಾಗಿದ್ದರೆ ಸಾಕ್ಷಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎನ್ನುತ್ತದೆ 313ನೇ ಕಲಂ. ತಪ್ಪಾಗಿದೆ ಎಂದು ಸಾಕ್ಷಿ ಹೇಳಿದರೆ ನ್ಯಾಯಾಧೀಶರು ತಿದ್ದಬಹುದು ಅಥವಾ ಆ ಆಕ್ಷೇಪಣೆಯನ್ನೇ ದಾಖಲಿಸಬಹುದು. ಮುಂದಿನ ಪ್ರಕರಣವನ್ನು ಬೆಂಚ್ ಗುಮಾಸ್ತರು ಕೂಗುವ ಮೊದಲು, ಸಹಿ ಹಾಕಲು ಹಾಳೆ ಮುಂದೆ ಬಂದಾಗ, ಓದಿ ಹೇಳಿ ಎಂದು ಸಾಕ್ಷಿ ಕೇಳಿಕೊಳ್ಳಬಹುದು.